ಶ್ರುತಿ ನಿಲ್ಲದ ಗಿಟಾರೂ ಬಾವಿಯ ರಾಟೆಯೂ

‘ಇದೇನಪ್ಪ, ಹಪ್ಪಳ ಸಂಡಿಗೆಯ ಪುಟದ ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರು ಬಂದು ಕೂತಿದೆ!’ ಎಂದು ಹುಬ್ಬೇರಿಸಬೇಡಿ. ಈಗ ಬೀದಿಗೊಂದು ಮನೆಯಲ್ಲಾದರೂ ಗಿಟಾರ್ ಇದ್ದೇ ಇರುತ್ತದೆ. ಸಾಗರದ ನಮ್ಮ ಓಣಿಯಲ್ಲೇ ಎರಡಿವೆ. ತಂದ ಹೊಸದರಲ್ಲಿ ಮಕ್ಕಳು ಹಗಲೂ ರಾತ್ರಿ ಟೊಂಯ್ ಟೊಂಯ್ ಎನ್ನಿಸುತ್ತಾರೆ. ಆರು ತಿಂಗಳಲ್ಲಿ ‘ಅದು ಸರಿ ಇಲ್ಲಮ್ಮ, ಶ್ರುತಿ ನಿಲ್ಲೋದೇ ಇಲ್ಲ’ ಎಂದು ಕಪಾಟಿನ ಹಿಂದೆ ನಿಲ್ಲಿಸುತ್ತಾರೆ. ಅಲ್ಲಿಗೆ ನಮ್ಮ ಚೀಟಿಯ ದುಡ್ಡೂ ಮಕ್ಕಳ ಆಸೆಯೂ ಒಟ್ಟಿಗೇ ಧೂಳು ಹಿಡಿಯುತ್ತವೆ. ಕುಕ್ಕರಿನ ಗ್ಯಾಸ್ಕೆಟ್ಟು ಬದಲಿಸುವ, ಮಿಕ್ಸಿಯ ಜಾರು ಬಿಚ್ಚಿ ತೊಳೆಯುವ ನಮ್ಮಂಥವರು ಈ ವಾದ್ಯಕ್ಕೆ ಹೆದರಬೇಕಾಗಿಲ್ಲ ಎನ್ನುವುದು ನನಗೆ 2019ರ ಮಳೆಗಾಲದಲ್ಲಿ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಆಗ ಮೊದಲ ಪಿಯುಸಿ. ಎರಡು ವರ್ಷದಿಂದ ‘ಗಿಟಾರ್ ಕೊಡ್ಸು’ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ನನ್ನ ಹೆಸರಿನ ಏಳು ಸಾವಿರದ ಚೀಟಿ ಎದ್ದ ವಾರವೇ, ಓದು ಮುಗಿಸಿ ಊರು ಬಿಡುತ್ತಿದ್ದ ಹುಡುಗನೊಬ್ಬ ತನ್ನ ಹಳೆಯ ಗಿಟಾರನ್ನೂ ಪುಟ್ಟದೊಂದು ಆಂಪ್ಲಿಫೈಯರನ್ನೂ ಮಾರುತ್ತಾನೆಂದು ಸುದ್ದಿ ಬಂತು. ತಂದೆವು. ನಮ್ಮವರು ‘ಇದೇ ದುಡ್ಡಿಗೆ ಒಂದು ಒಳ್ಳೇ ಗ್ರೈಂಡರ್ ಬರ್ತಿತ್ತು ಮಾರಾಯ್ತಿ’ ಎಂದರು. ಅತ್ತೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದಕ್ಕೆ ಕೊಡವೂ ಇಲ್ಲ, ಬುರುಡೆಯೂ ಇಲ್ಲ. ಹೊಟ್ಟೆಯೇ ಇಲ್ಲದ ವಾದ್ಯಕ್ಕೆ ನಾದ ಎಲ್ಲಿಂದ ಬರ್ತದೆ?’ ಎಂದು ಕೇಳಿದರು.

ಅತ್ತೆಯವರ ಪ್ರಶ್ನೆ ಸಣ್ಣದಲ್ಲ. ವೀಣೆಯಲ್ಲಿ ಹಲಸಿನ ಕೊಡ ತಂತಿಯ ದನಿಯನ್ನು ದೊಡ್ಡದು ಮಾಡುತ್ತದೆ. ಈ ಗಿಟಾರಿನ ಒಡಲು ಮಣೆಯ ಹಾಗೆ ಗಟ್ಟಿ ಮರ. ತಂತಿಗಳ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ; ಆಂಪ್ಲಿಫೈಯರು ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಹಾಕಿದರೆ ಇದು ಮೂಕ.

ಇಂಥ ಮೊದಲ ಗಿಟಾರನ್ನು ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಎಂಬಾತ 1931ರಲ್ಲಿ ರೂಪಿಸಿದ. ಮರುವರ್ಷ ಅದು ಮಾರಾಟಕ್ಕೆ ಬಂತು. ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ ದುಂಡು ಒಡಲು, ಅದಕ್ಕೊಂದು ಉದ್ದನೆಯ ಹಿಡಿ. ಜನ ಅದನ್ನು ಕರೆದ ಹೆಸರೇನು ಗೊತ್ತೇ? ‘ಫ್ರೈಯಿಂಗ್ ಪ್ಯಾನ್’! ನಮ್ಮ ಅಡಿಗೆಮನೆಯ ಬಾಣಲೆಯೇ. ಹೀಗಾಗಿ ಈ ಪುಟದಲ್ಲಿ ಅದಕ್ಕೆ ಜಾಗವುಂಟು ಎಂದು ನನ್ನ ವಾದ. ನಮ್ಮ ಮಗಳು ತಂದದ್ದು 1954ರಲ್ಲಿ ಲಿಯೋ ಫೆಂಡರ್ ಹೊರತಂದ ‘ಸ್ಟ್ರಾಟೊಕಾಸ್ಟರ್’ ಎಂಬ ಮಾದರಿಯ ಅಗ್ಗದ ನಕಲು. ಈ ಫೆಂಡರ್ ಮಹಾಶಯ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಲೇ ಇರಲಿಲ್ಲ! ಅದನ್ನು ಓದಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತೆನ್ನಿ.

‘ನಿನಗೆ ಕಿವಿಯೇ ಇಲ್ಲ’

ಮೊದಲ ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಹಳೆಯ ತಂತಿಗಳಿಗೆ ತುಕ್ಕು ಹಿಡಿದು ಬೆರಳು ಕಪ್ಪಾಗುತ್ತಿದ್ದುದರಿಂದ, ನಮ್ಮವರು ಕೆಲಸದ ಮೇಲೆ ಪೇಟೆಗೆ ಹೋದಾಗ ಅಲ್ಲಿನ ಒಂದು ಅಂಗಡಿಯಲ್ಲಿ ಹೊಸ ತಂತಿ ಹಾಕಿಸಿಕೊಂಡು ಬಂದರು. ‘ಗಟ್ಟಿಯದು ಹಾಕಿದ್ದೇನೆ ಸಾರ್, ಬೇಗ ಕಡಿಯಲ್ಲ’ ಅಂದನಂತೆ ಅಂಗಡಿಯವ. ಅಲ್ಲಿಂದಾಚೆಗೆ ಶುರುವಾಯಿತು ಗೋಳು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆಪ್ ಇಟ್ಟುಕೊಂಡು ಆರೂ ತಂತಿ ಕೂಡಿಸುತ್ತಾಳೆ, ಒಂದು ಹಾಡು ಮುಗಿಯುವುದರೊಳಗೆ ಮೂರು ತಂತಿ ಇಳಿದಿರುತ್ತವೆ. ಮತ್ತೆ ಕೂಡಿಸುತ್ತಾಳೆ, ಈಗ ಇನ್ನೊಂದು ಏರಿರುತ್ತದೆ.

ಆ ವರ್ಷ ಚೌತಿ ಸೆಪ್ಟೆಂಬರ್ 2ಕ್ಕೆ. ಗಣಪತಿ ಪೆಂಡಾಲಿನಲ್ಲಿ ಹುಡುಗರ ಆರ್ಕೆಸ್ಟ್ರಾ. ಇವಳಿಗೂ ನಾಲ್ಕು ಹಾಡಿನಲ್ಲಿ ಗಿಟಾರ್ ನುಡಿಸಲು ಹೇಳಿದ್ದರು. ಆಗಸ್ಟ್ ಮೊದಲ ವಾರದ ಒಂದು ಸಂಜೆ ಅಭ್ಯಾಸದಿಂದ ಬಂದವಳು ಛತ್ರಿಯನ್ನೂ ಮಡಚದೆ ಒಳಗೆ ಹೋಗಿ ಮಲಗಿಬಿಟ್ಟಳು. ಊಟಕ್ಕೆ ಎಬ್ಬಿಸಿದರೆ, ‘ನಂಗೆ ಕಿವಿಯೇ ಇಲ್ವಂತಮ್ಮ. ಆರ್ಕೆಸ್ಟ್ರಾದವರು ಹೇಳಿದ್ರು. ಅಪಶ್ರುತಿ ಗೊತ್ತಾಗದವರು ಹಾಡಿಗೆ ಕೈ ಹಾಕಬಾರದಂತೆ. ಮಾರಿಬಿಡು ಅದನ್ನ’ ಎಂದಳು.

ನನಗೆ ಒಳಗೆಲ್ಲೋ ಚುರುಕ್ ಎಂದಿತು. ಇದೇ ಮಾತನ್ನು ನಾನು ಹದಿಮೂರನೆಯ ವಯಸ್ಸಿನಲ್ಲಿ ಕೇಳಿದ್ದೆ. ಶಿವಮೊಗ್ಗದಲ್ಲಿ ವೀಣೆ ಕಲಿಯುತ್ತಿದ್ದಾಗ, ‘ಕೈ ಇದೆ, ಕಿವಿ ಇಲ್ಲ’ ಎಂದಿದ್ದರು ನಮ್ಮ ಮೇಷ್ಟ್ರು. ನಮ್ಮ ಮನೆಯ ವೀಣೆಯ ಮೇಳದ ಮೇಣ ಸಡಿಲಾಗಿ ಮೆಟ್ಟಿಲುಗಳು ಕೂತಲ್ಲಿಂದ ಸರಿದಿದ್ದವು ಎಂಬುದು ಎಷ್ಟೋ ವರ್ಷದ ಮೇಲೆ ಗೊತ್ತಾದದ್ದು. ಅಷ್ಟರಲ್ಲಿ ಮದುವೆಯಾಗಿ, ವೀಣೆ ತವರಿನ ಅಟ್ಟ ಸೇರಿ, ‘ನನಗೆ ಕಿವಿಯಿಲ್ಲ’ ಎಂದು ನಾನೇ ನಂಬಿ ಕೂತಾಗಿತ್ತು. ವಾದ್ಯದ ತಪ್ಪನ್ನು ಹುಡುಗಿಯ ತಲೆಗೆ ಕಟ್ಟುವುದು ನಮ್ಮ ಮನೆಗೆ ಒಂದು ಸಲ ಸಾಕು ಎನ್ನಿಸಿತು. ‘ಮಾರುವ ಮಾತು ಚೌತಿ ಆದಮೇಲೆ. ಮೊದಲು ಅದಕ್ಕೇನಾಗಿದೆ ನೋಡೋಣ, ಏಳು’ ಎಂದೆ.

ಬಿರಡೆಯ ಮೇಲೆ ಅನುಮಾನ

ವೀಣೆ ಕಲಿತವಳಾದ್ದರಿಂದ ನನ್ನ ಅನುಮಾನ ಮೊದಲು ಹೋದದ್ದು ಬಿರಡೆಯ ಮೇಲೆ. ವೀಣೆಯ ಬಿರಡೆ ಮರದ್ದು. ತೂತಿನಲ್ಲಿ ಬಿಗಿಯಾಗಿ ಕೂತದ್ದಷ್ಟೇ ಅದರ ಬಲ. ಜಾರಿದರೆ ಸೀಮೆಸುಣ್ಣ ಹಚ್ಚಿ ಒತ್ತಿ ಕೂರಿಸುತ್ತಿದ್ದೆವು. ಊರಿನಲ್ಲಿ ಇಂಥದ್ದನ್ನೆಲ್ಲ ನೋಡುವ ಒಬ್ಬರಿಗೆ ತೋರಿಸಿದಾಗ ಅವರೂ ‘ಆರೂ ಬಿರಡೆ ಬದಲಿಸಬೇಕು, ಎರಡೂವರೆ ಸಾವಿರ ಆಗ್ತದೆ’ ಎಂದರು.

ಎರಡೂವರೆ ಸಾವಿರ ಎಂದಮೇಲೆ ಸುಮ್ಮನೆ ಒಪ್ಪಲಿಕ್ಕಾಗುತ್ತದೆಯೇ? ರಾತ್ರಿ ಮಲಗುವ ಮುಂಚೆ ಆರೂ ತಂತಿ ಕೂಡಿಸಿ, ಒಂದೊಂದು ಬಿರಡೆಯ ಕಿವಿಗೂ ಅದರ ಪಕ್ಕದ ಲೋಹಕ್ಕೂ ಎದುರುಬದುರಾಗಿ ಉಗುರುಬಣ್ಣದ ಚುಕ್ಕಿ ಇಟ್ಟೆ. ಬಿರಡೆ ತಿರುಗಿದರೆ ಚುಕ್ಕಿ ತಪ್ಪಬೇಕು. ಮಾರನೆಯ ದಿನ ಮಗಳು ಹತ್ತು ನಿಮಿಷ ನುಡಿಸಿದಳು. ಶ್ರುತಿ ಎಂದಿನಂತೆ ಕೆಟ್ಟಿತು. ಚುಕ್ಕಿಗಳು ಮಾತ್ರ ಎಳ್ಳಷ್ಟೂ ಕದಲಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಗಿಟಾರಿನ ಬಿರಡೆಯೊಳಗೆ ತಿರುಪಿನಂಥ ಒಂದು ಚಕ್ರ, ಹಲ್ಲಿನ ಇನ್ನೊಂದು ಚಕ್ರ ಇರುತ್ತವೆ. ನಾವು ಕಿವಿಯನ್ನು ಹದಿನಾಲ್ಕು ಹದಿನೈದು ಸುತ್ತು ತಿರುಗಿಸಿದರೆ ತಂತಿ ಸುತ್ತಿಕೊಳ್ಳುವ ಕಂಬ ಒಂದು ಸುತ್ತು ತಿರುಗುತ್ತದೆ. ನಾವು ಕಂಬವನ್ನು ತಿರುಗಿಸಬಹುದು, ಆದರೆ ತಂತಿ ಎಷ್ಟೇ ಎಳೆದರೂ ಕಂಬ ಹಿಂದಕ್ಕೆ ತಿರುಗದು. ಅಗ್ಗದ ಗಿಟಾರಿನಲ್ಲೂ ಬಿರಡೆ ನಿಜವಾಗಿ ಕೆಟ್ಟಿರುವುದು ಅಪರೂಪ. ಕಿವಿ ಸಡಿಲವಾಗಿ ಅಲ್ಲಾಡುತ್ತಿದ್ದರೆ ತುದಿಯ ಸಣ್ಣ ಸ್ಕ್ರೂ ಬಿಗಿ ಮಾಡಿದರಾಯಿತು. ಎರಡೂವರೆ ಸಾವಿರ ಉಳಿಯಿತು!

ಆದರೆ ಕಂಬದ ಮೇಲೆ ತಂತಿ ಸುತ್ತಿದ್ದ ರೀತಿ ನೋಡಿದರೆ ನಗು ಬರುವಂತಿತ್ತು. ಸಣ್ಣ ತಂತಿ ಒಂದರ ಮೇಲೊಂದು ಹನ್ನೊಂದು ಸುತ್ತು, ಎಳೆಮಕ್ಕಳು ದಾರದುಂಡೆ ಸುತ್ತಿದ ಹಾಗೆ. ಅಷ್ಟು ಸುತ್ತು ಇದ್ದರೆ ನುಡಿಸಿದಾಗೆಲ್ಲ ಅವು ಒಂದರ ಮೇಲೊಂದು ಸರಿದು ಬಿಗಿಯಾಗುತ್ತಲೇ ಇರುತ್ತವೆ, ತಂತಿ ಇಳಿಯುತ್ತಲೇ ಇರುತ್ತದೆ. ದಪ್ಪ ತಂತಿಗೆ ಎರಡು ಮೂರು ಸುತ್ತು, ಸಣ್ಣದಕ್ಕೆ ಮೂರು ನಾಲ್ಕು ಸಾಕು. ಒಂದರ ಕೆಳಗೊಂದು, ಬಳೆ ಜೋಡಿಸಿದಂತೆ ಇಳಿಯಬೇಕು. ಬಿಚ್ಚಿ ಸುತ್ತಿದೆವು. ಅರ್ಧಕ್ಕರ್ಧ ವಾಸಿಯಾಯಿತು, ಆದರೆ ಪೂರ್ತಿ ಅಲ್ಲ.

ಅತ್ತೆಯವರ ಕಿವಿ

2019ರ ಆ ಆಗಸ್ಟ್ ಮಳೆ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಕರೆಂಟು ಹೋದದ್ದು ಎರಡು ದಿನವಾದರೂ ಬರಲಿಲ್ಲ. ಆಂಪ್ಲಿಫೈಯರ್ ಇಲ್ಲದೆ ಗಿಟಾರು ಸೊಳ್ಳೆಯ ಹಾಗೆ ಸಣ್ಣಗೆ ನುಡಿಯುತ್ತಿತ್ತು. ಮಗಳು ಲಾಟೀನಿನ ಬೆಳಕಿನಲ್ಲಿ ತಂತಿ ಏರಿಸುತ್ತ ಕೂತಿದ್ದಳು. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಕೈ ನಿಲ್ಲಿಸಿ, ‘ಅದೆಂತದೇ ಮಧ್ಯೆ ಮಧ್ಯೆ ಟಿಂಗ್ ಅಂತದೆ?’ ಎಂದರು.

‘ಯಾವುದಜ್ಜಿ?’

‘ನೀನು ತಿರುಪ್ತೀಯಲ್ಲ, ಆಗ. ಬಾವಿ ರಾಟೆಗೆ ಹಗ್ಗ ಸಿಕ್ಕಿಕೊಂಡು, ಜಗ್ಗಿದರೆ ಒಮ್ಮೆಲೇ ಹಾರ್ತದಲ್ಲ, ಹಾಗೆ.’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕರೆಂಟಿದ್ದಷ್ಟು ದಿನ ಸ್ಪೀಕರಿನ ಗದ್ದಲದಲ್ಲಿ ಆ ಸಣ್ಣ ‘ಟಿಂಗ್’ ಯಾರಿಗೂ ಕೇಳಿಸಿರಲಿಲ್ಲ! ರಾಟೆ ಎಂದರೆ ಎಲ್ಲಿ? ಗಿಟಾರಿನ ಕುತ್ತಿಗೆಯ ಕೊನೆಯಲ್ಲಿ, ಬಿರಡೆಗಳಿಗಿಂತ ಸ್ವಲ್ಪ ಹಿಂದೆ ಒಂದು ಬಿಳಿ ಪಟ್ಟಿ ಇದೆ. ಅದರಲ್ಲಿ ಆರು ಸಣ್ಣ ಕೊರಕಲು. ಒಂದೊಂದರಲ್ಲಿ ಒಂದೊಂದು ತಂತಿ ಹಾದುಹೋಗುತ್ತದೆ. ಇದಕ್ಕೆ ‘ನಟ್’ ಎಂದು ಹೆಸರು. ಬೋಲ್ಟು ನಟ್ಟಿನ ನಟ್ಟಲ್ಲ. ತಂತಿ ಇದರಲ್ಲಿ ನುಣ್ಣಗೆ ಜಾರಬೇಕು. ಕೊರಕಲಿನಲ್ಲಿ ಸಿಕ್ಕಿಕೊಂಡರೆ ಬಿರಡೆ ತಿರುಗಿಸಿದಷ್ಟೂ ಬಿಗಿ ಆಚೆಯ ತುಂಡಿನಲ್ಲೇ ಉಳಿಯುತ್ತದೆ. ಆಮೇಲೆ ನುಡಿಸುವಾಗ ಒಮ್ಮೆ ಟಿಂಗ್ ಎಂದು ಜಾರಿ ಶ್ರುತಿ ಏರಿಬಿಡುತ್ತದೆ. ನುಡಿಸುತ್ತ ತಂತಿಯನ್ನು ಪಕ್ಕಕ್ಕೆ ಜಗ್ಗಿದರೋ, ಆ ಕಡೆಯಿಂದ ಒಂದಿಷ್ಟು ತಂತಿ ಈ ಕಡೆ ಬಂದು ವಾಪಸು ಹೋಗದೆ ಕೂರುತ್ತದೆ, ಶ್ರುತಿ ಇಳಿಯುತ್ತದೆ. ಒಮ್ಮೆ ಏರು, ಒಮ್ಮೆ ಇಳಿ. ಇವಳ ಗೋಳು ಅದೇ ತಾನೇ!

ನಿಮ್ಮ ಮನೆಯಲ್ಲೂ ಪರೀಕ್ಷೆ ಮಾಡಬಹುದು, ಸುಲಭ. ತಂತಿ ಕೂಡಿಸಿ, ನಟ್ಟಿನಿಂದ ಆಚೆಗೆ, ಅಂದರೆ ನಟ್ಟಿಗೂ ಬಿರಡೆಗೂ ನಡುವೆ, ತಂತಿಯನ್ನು ಬೆರಳಿನಿಂದ ಒಮ್ಮೆ ಅದುಮಿ ಬಿಡಿ. ಮತ್ತೆ ಮೀಟಿ. ಶ್ರುತಿ ಮೊದಲಿನಷ್ಟೇ ಇದ್ದರೆ ನಟ್ ಚೆನ್ನಾಗಿದೆ. ಏರಿಯೇ ಉಳಿದಿದ್ದರೆ ತಂತಿ ಸಿಕ್ಕಿಕೊಳ್ಳುತ್ತಿದೆ.

ರಾಟೆಗಾದರೆ ಎಣ್ಣೆ. ಇದಕ್ಕೆ ಕೊಬ್ಬರಿ ಎಣ್ಣೆ ಹಾಕಲು ಹೊರಟಿದ್ದೆ. ಪುಣ್ಯಕ್ಕೆ ಮಗಳು ಕೈ ಹಿಡಿದಳು. ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ. ಇದಕ್ಕೆ ಬೇಕಾದ್ದು ಪೆನ್ಸಿಲ್ಲು! ಪೆನ್ಸಿಲಿನ ಸೀಸ ಎನ್ನುವುದು ನಿಜವಾಗಿ ಗ್ರಾಫೈಟು. ಅದು ಒಣ ಎಣ್ಣೆಯಿದ್ದಂತೆ. ಚಿತ್ರ ಬರೆಯುವ ಮೆತ್ತನೆಯ 2ಬಿ ಪೆನ್ಸಿಲನ್ನು ಚೂಪು ಮಾಡಿ, ತಂತಿ ಸಡಿಲಿಸಿ ಪಕ್ಕಕ್ಕೆತ್ತಿ, ಕೊರಕಲಿನೊಳಗೆ ಕಪ್ಪಾಗುವ ತನಕ ಗೀಚಿದೆವು. ಸಣ್ಣ ಎರಡು ತಂತಿಗಳು ಅಂದೇ ತೆಪ್ಪಗಾದವು. ಉಳಿದ ನಾಲ್ಕು ಇನ್ನೂ ಟಿಂಗ್ ಎನ್ನುತ್ತಲೇ ಇದ್ದವು.

ಯಾವತ್ತಿನಿಂದ ಹೀಗೆ?

ದೋಸೆ ಹಿಟ್ಟು ಹುಳಿ ಬರದಿದ್ದರೆ ನಾವೇನು ಕೇಳುತ್ತೇವೆ? ಯಾವತ್ತಿನಿಂದ, ಏನು ಬದಲಾಯಿತು ಎಂದು. ಅಕ್ಕಿ ಬೇರೆಯೇ, ಉದ್ದು ಹಳೆಯದೇ, ಚಳಿ ಹೆಚ್ಚೇ? ಇದಕ್ಕೂ ಹಾಗೇ ಕೇಳಿದೆ. ‘ಹೊಸ ತಂತಿ ಹಾಕಿಸಿದ ಮೇಲೆ’ ಎಂದಳು. ಹಳೆಯ ತಂತಿಗಳನ್ನು ಸುರುಳಿ ಸುತ್ತಿ ಡಬ್ಬದಲ್ಲಿಟ್ಟಿದ್ದಳು, ನನ್ನ ಮಗಳಲ್ಲವೇ! ಹಳೆಯದರ ಕವರಿನ ಮೇಲೆ 9 ಎಂದಿತ್ತು, ಹೊಸದರ ಮೇಲೆ 11. ಈ ಅಂಕಿ ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರ ಪಾಲಿನಲ್ಲಿ. ಒಂಬತ್ತಕ್ಕೂ ಹನ್ನೊಂದಕ್ಕೂ ಏನು ಮಹಾ ಎನ್ನಬೇಡಿ. ದಪ್ಪ ತಂತಿಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಒಂಬತ್ತರ ತಂತಿಗೆ ಕೊರೆದ ಕೊರಕಲಿನಲ್ಲಿ ಹನ್ನೊಂದರದು ಒಳಗಿಳಿಯದೆ, ಸಣ್ಣ ಸೂಜಿಯ ಕಣ್ಣಿಗೆ ಹೊಲಿಗೆಯ ದಪ್ಪ ದಾರ ತುರುಕಿದಂತೆ ಕಚ್ಚಿ ಕೂತಿತ್ತು. ಅಂಗಡಿಯವನ ‘ಗಟ್ಟಿ’ ತಂತಿಯ ಮಹಿಮೆ!

ಹಳೆಯ ಅಳತೆಯ ತಂತಿ ತರಿಸಿ ಹಾಕುವುದೇ ಸರಿಯಾದ ದಾರಿ. ಆದರೆ ಮಳೆಗೆ ರಸ್ತೆಗಳೆಲ್ಲ ಅಲ್ಲಲ್ಲಿ ಕಟ್ಟಿಹೋಗಿದ್ದವು, ಸಾಗರದಲ್ಲಿ ಆ ತಂತಿ ಸಿಗಲಿಲ್ಲ. ಉಳಿದದ್ದು ಕೊರಕಲನ್ನೇ ಅಗಲ ಮಾಡುವುದು. ಅದಕ್ಕೆ ಕೈಯೂ ಅರವೂ ಎರಡೂ ಸೂಕ್ಷ್ಮ ಇರಬೇಕು.

ನಮ್ಮೂರಿನ ಗುಡಿಗಾರರ ಹೆಸರು ನೀವು ಕೇಳಿಯೇ ಇರುತ್ತೀರಿ. ಶ್ರೀಗಂಧದ ಮೇಲೆ ಬಳ್ಳಿ ಬಿಡಿಸುವ ಆ ಕೈಗಳಿಗಿಂತ ಬೇರೆ ಯಾರು ಬೇಕು? ಪರಿಚಯದ ಹಿರಿಯರೊಬ್ಬರ ಮನೆಗೆ ಗಿಟಾರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ತಾಯಿ ಮಗಳು ಹೋದೆವು. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಉಗುರಿನಿಂದ ಮುಟ್ಟಿ, ‘ಇದು ಬರೀ ಪ್ಲಾಸ್ಟಿಕ್ಕಲ್ಲವೇ ತಂಗಿ, ಬೆಣ್ಣೆ ಹಾಗೆ ಹೋಗಿಬಿಡ್ತದೆ. ಎಷ್ಟು ಬೇಕು ಹೇಳು, ಆಮೇಲೆ ಬೈಯಬೇಡ’ ಎಂದರು. ಮಗಳು ಹೇಳಿದಳು: ‘ಆಳ ಬೇಡ ಅಜ್ಜ, ಅಗಲ ಮಾತ್ರ.’ ಆ ಮಾತು ಮುಖ್ಯ. ಕೊರಕಲು ಆಳವಾದರೆ ತಂತಿ ಮೊದಲ ಮೆಟ್ಟಿಲಿಗೆ ತಗುಲಿ ಝುರ್ ಎನ್ನುತ್ತದೆ. ಆಮೇಲೆ ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ. ಕೊರಕಲು ಬಿರಡೆಯ ಕಡೆಗೆ ಒಂದಿಷ್ಟು ಇಳಿಜಾರಾಗಿಯೂ ಇರಬೇಕು. ಅವರು ಕೂದಲೆಳೆಯಂಥ ಅರದಿಂದ ನಾಲ್ಕೇ ನಾಲ್ಕು ಸಲ ತೀಡುವುದು, ತಂತಿ ಕೂರಿಸಿ ನೋಡುವುದು, ಮತ್ತೆ ತೀಡುವುದು. ಹೀಗೆ ಒಂದು ತಾಸು. ದುಡ್ಡು ಕೊಡಹೋದರೆ, ‘ಚೌತಿಗೆ ಬಂದು ಕೇಳ್ತೇನೆ, ಆಗ ಕಿವಿ ಕೊರೆಯದ ಹಾಗೆ ನುಡಿಸು, ಸಾಕು’ ಎಂದರು. ನೀವು ಮನೆಯಲ್ಲೇ ಮಾಡುವುದಾದರೆ ಹಳೆಯ ತಂತಿಯ ತುಂಡಿಗೆ ಅತಿ ನುಣುಪಿನ ಉಪ್ಪುಕಾಗದ ಸುತ್ತಿ ಉಜ್ಜಬಹುದು. ಆದರೆ ನೆನಪಿಡಿ, ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಅನುಮಾನವಿದ್ದರೆ ಬಲ್ಲವರಿಗೇ ಕೊಡಿ.

ಹಿಂಬಾಗಿಲಿನ ಸ್ಪ್ರಿಂಗುಗಳು

ಇಷ್ಟಾದರೂ ಇನ್ನೊಂದು ತಂಟೆ ಉಳಿದಿತ್ತು. ಇವಳ ಮಾದರಿಯ ಗಿಟಾರಿನಲ್ಲಿ ಬ್ರಿಡ್ಜ್, ಅಂದರೆ ನಮ್ಮ ವೀಣೆಯ ಕುದುರೆಯ ಸ್ಥಾನದ ಲೋಹದ ಹಲಗೆ, ಗಟ್ಟಿಯಾಗಿ ಕೂತಿರುವುದಿಲ್ಲ. ಏತದ ಹಾಗೆ ತೂಗುತ್ತದೆ. ಅದಕ್ಕೊಂದು ಕಡ್ಡಿಯ ಹಿಡಿ. ಒತ್ತಿದರೆ ಎಲ್ಲ ತಂತಿಗಳೂ ಸಡಿಲಾಗಿ ಸ್ವರ ಬಾಗುತ್ತದೆ, ಬಿಟ್ಟರೆ ಸ್ವಸ್ಥಾನಕ್ಕೆ ಬರಬೇಕು. ಬರಬೇಕು ಎಂದೆ, ಬರುತ್ತಿರಲಿಲ್ಲ.

ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಒಳಗೆ ಮೂರು ಸ್ಪ್ರಿಂಗು. ಮುಂದಿನಿಂದ ಆರು ತಂತಿಗಳು ಎಳೆಯುತ್ತವೆ, ಹಿಂದಿನಿಂದ ಇವು ಎಳೆಯುತ್ತವೆ. ತಕ್ಕಡಿಯೇ ಸರಿ. ಒಂಬತ್ತರ ತಂತಿಗಳು ಆರೂ ಸೇರಿ ಎಳೆಯುವ ಬಲ ಹತ್ತಿರ ಹತ್ತಿರ 40 ಕಿಲೋ ಎಂದರೆ ನಂಬುತ್ತೀರಾ? ಹನ್ನೊಂದರದ್ದು 50 ಕಿಲೋ ದಾಟುತ್ತದೆ. ಅಕ್ಕಿ ಮೂಟೆಯಷ್ಟು! ಹಳೆಯ ತೂಕಕ್ಕೆ ಹೊಂದಿಸಿದ್ದ ಸ್ಪ್ರಿಂಗುಗಳು ಸೋತು, ಬ್ರಿಡ್ಜಿನ ಹಿಂಬದಿ ಕಾವಲಿಯ ಮೇಲೆ ದೋಸೆಯ ಅಂಚು ಎದ್ದಂತೆ ಎದ್ದುಬಿಟ್ಟಿತ್ತು. ಹೀಗಿರುವಾಗ ಒಂದು ತಂತಿ ಏರಿಸಿದರೆ ಬ್ರಿಡ್ಜ್ ಇನ್ನಷ್ಟು ಎದ್ದು ಉಳಿದ ಐದೂ ಇಳಿಯುತ್ತವೆ. ಮಗಳು ಕೂಡಿಸಿದಷ್ಟೂ ಕೆಡುತ್ತಿದ್ದುದರ ಇನ್ನರ್ಧ ಗುಟ್ಟು ಇದು.

ಸ್ಪ್ರಿಂಗುಗಳ ಕೊಂಡಿಯನ್ನು ಮರಕ್ಕೆ ಹಿಡಿದಿರುವ ಎರಡು ಉದ್ದನೆಯ ಸ್ಕ್ರೂಗಳಿವೆ. ತಂತಿ ಸಡಿಲಿಸಿ, ಎರಡನ್ನೂ ಸಮವಾಗಿ ಅರ್ಧರ್ಧ ಸುತ್ತು ಬಿಗಿ ಮಾಡುವುದು, ತಂತಿ ಕೂಡಿಸಿ ನೋಡುವುದು. ಸ್ಕ್ರೂಡ್ರೈವರ್ ಹಿಡಿದವರು ನಮ್ಮವರೇ! ಗ್ರೈಂಡರಿನ ಮಾತು ಆಡಿದವರು ಈಗ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೊಣಕಾಲೂರಿ ಕೂತಿದ್ದರು. ನಾಲ್ಕನೆಯ ಸಲಕ್ಕೆ ಬ್ರಿಡ್ಜ್ ಒಡಲಿಗೆ ಒರಗಿ ಚಪ್ಪಟೆಯಾಗಿ ಕೂತಿತು. ಹೀಗೆ ಕೂರಿಸಿದರೆ ಹಿಡಿಯನ್ನು ಕೆಳಕ್ಕೆ ಒತ್ತಬಹುದು, ಮೇಲಕ್ಕೆ ಎತ್ತಲಾಗದು. ಕಲಿಯುವವರಿಗೆ ಅಷ್ಟು ಸಾಕು. ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳೂ ಇರುತ್ತದೆ, ಅದನ್ನು ತಿರುಗಿಸುವ ಜಾಗವೂ ಕಣ್ಣಿಗೆ ಬೀಳುತ್ತದೆ. ಅದರ ತಂಟೆಗೆ ಹೋಗಬೇಡಿ; ಹೆಚ್ಚು ತಿರುಗಿಸಿದರೆ ಕುತ್ತಿಗೆಯೇ ಹಾಳು.

ಹೊಸ ತಂತಿಗೆ ಒಂದು ಸಂಸ್ಕಾರವಿದೆ, ಅದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಹಾಕಿದ ಕೂಡಲೇ ತಂತಿಯ ನಡುವನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿ ಜಗ್ಗಬೇಕು. ಇಳಿಯುತ್ತದೆ. ಕೂಡಿಸಬೇಕು. ಮತ್ತೆ ಜಗ್ಗಬೇಕು. ಜಗ್ಗಿದರೂ ಇಳಿಯದಿರುವ ತನಕ ಹೀಗೆ ನಾಲ್ಕೈದು ಸಲ. ಕೂಡಿಸುವಾಗಲೂ ಶ್ರುತಿಗಿಂತ ಕೆಳಗಿಳಿಸಿ, ಕೆಳಗಿನಿಂದ ಏರಿಸುತ್ತ ಬಂದು ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಚಕ್ರದ ಹಲ್ಲುಗಳ ನಡುವಿನ ಸಡಿಲು ಉಳಿದು ಮತ್ತೆ ಜಾರುತ್ತದೆ. ವೀಣೆಗೂ ನಮಗೆ ಇದನ್ನೇ ಹೇಳಿಕೊಟ್ಟಿದ್ದರು.

ಒಂದು ಸಣ್ಣ ಜಗಳ

ಕರೆಂಟು ಬಂದ ಮೇಲೆ ನನಗೂ ಮಗಳಿಗೂ ಬೇರೆಯೇ ಜಗಳ ಹತ್ತಿತು. ಗಿಟಾರಿನ ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ. ಒಂದನ್ನು ಷಡ್ಜವೆಂದರೆ ಅದರ ಮುಂದಿನದು ಶುದ್ಧ ಮಧ್ಯಮ. ಜಿ ಇಂದ ಬಿಗೆ ಮಾತ್ರ ಅಂತರ ಗಾಂಧಾರ. ನಾನು ಕೇಳುತ್ತ ಕೂತವಳು, ‘ಆ ಬಿ ಏರಿದೆ ಕಣೇ, ಗಾಂಧಾರ ಸ್ವಲ್ಪ ಇಳಿಸು’ ಎಂದೆ. ‘ಇಲ್ಲಮ್ಮ, ಮೊಬೈಲಿನಲ್ಲಿ ಹಸಿರು ತೋರಿಸ್ತಿದೆ ನೋಡು’ ಎಂದಳು. ನೋಡಿದೆ, ಹಸಿರೇ. ಕೇಳಿದೆ, ಏರೇ! ನನಗೆ ಹದಿಮೂರರ ವಯಸ್ಸಿನ ಮಾತು ಮತ್ತೆ ನೆನಪಾಗಿ ಸುಮ್ಮನಾದೆ.

ಎರಡು ದಿನ ಬಿಟ್ಟು ಅವಳೇ ಎಲ್ಲೋ ಓದಿಕೊಂಡು ಬಂದಳು. ಗಿಟಾರು, ಹಾರ್ಮೋನಿಯಂ, ಪಿಯಾನೋ ಇಂಥ ವಾದ್ಯಗಳಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿಬಿಡುತ್ತಾರಂತೆ, ಯಾವ ಶ್ರುತಿಯಲ್ಲಿ ನುಡಿಸಿದರೂ ಒಂದೇ ಹಾಗೆ ಕೇಳಲಿ ಎಂದು. ಆ ಲೆಕ್ಕದಲ್ಲಿ ಅಂತರ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಏರುತ್ತದೆ; ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು ಹದಿನಾಲ್ಕು ಪಾಲಿನಷ್ಟು. ‘ನೀನು ಹೇಳಿದ್ದು ಸರಿ ಅಮ್ಮ. ಮೊಬೈಲೂ ಸರಿ. ನಿಂಗೆ ಅಷ್ಟು ಸಣ್ಣದು ಕೇಳಿಸ್ತದಲ್ಲ!’ ಎಂದಳು. ನಾನು ಒಲೆಯ ಕಡೆ ತಿರುಗಿ ಸಾರಿನ ಉಪ್ಪು ನೋಡಿದೆ. ಇನ್ನೇನು ಮಾಡಲಿ?

ಈ ಸಮಪಾಲಿನ ಮೆಟ್ಟಿಲುಗಳ ಮೇಲೂ ಗಮಕ ಬಾಗಿಸಿ ಕರ್ನಾಟಕ ಸಂಗೀತ ನುಡಿಸಿದವರಿಲ್ಲವೇ! ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014) ಕರೆಂಟಿನ ಮ್ಯಾಂಡೊಲಿನ್ನಿನಲ್ಲೇ ಕಛೇರಿ ಮಾಡುತ್ತಿದ್ದರು. ಅತ್ತೆಯವರಿಗೆ ಅದನ್ನು ಮೊಬೈಲಿನಲ್ಲಿ ಕೇಳಿಸಿದ ಮೇಲೆ ‘ಹೊಟ್ಟೆಯಿಲ್ಲದ ವಾದ್ಯ’ ಎನ್ನುವುದನ್ನು ಬಿಟ್ಟರು.

ಚೌತಿಯ ರಾತ್ರಿ ಪೆಂಡಾಲಿನ ತಗಡಿನ ಮೇಲೆ ಸಣ್ಣ ಮಳೆ. ಆರ್ಕೆಸ್ಟ್ರಾದವರು ಇವಳ ಜಾಗಕ್ಕೆ ಬೇರೆ ಹುಡುಗನನ್ನು ಗೊತ್ತು ಮಾಡಿದ್ದರು. ಅವನ ಪಕ್ಕದಲ್ಲಿ ಒಂದೇ ಒಂದು ಹಾಡಿಗೆ ನಿಲ್ಲು ಎಂದರಂತೆ. ಒಂದು ಎರಡಾಯಿತು, ಎರಡು ಮೂರಾಯಿತು. ಮೂರನೆಯದರ ನಡುವೆ ಎರಡನೆಯ ತಂತಿ ಸ್ವಲ್ಪ ಇಳಿಯಿತು. ನನಗೆ ಕೆಳಗೆ ಕುರ್ಚಿಯಲ್ಲಿ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಹಾಡು ನಿಲ್ಲಿಸದೆ, ಎಡಗೈ ಬಿಡುವಾದ ಒಂದು ಗಳಿಗೆಯಲ್ಲಿ ಬಿರಡೆಗೆ ಕಾಲು ಸುತ್ತು ಕೊಟ್ಟು ಮುಂದುವರಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಗುಡಿಗಾರ ಅಜ್ಜ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ತಲೆಯಾಡಿಸಿದರು.

ಹೇಳಲು ಮರೆತೆ. ನುಡಿಸಿ ಮುಗಿಸಿದ ಮೇಲೆ ತಂತಿಗಳನ್ನು ಒಣಗಿದ ಹತ್ತಿ ಬಟ್ಟೆಯಿಂದ, ಹಳೆಯ ಬನಿಯನ್ ಆದೀತು, ಮೇಲೂ ಕೆಳಗೂ ಒರೆಸಿಡಿ. ಬೆರಳಿನ ಬೆವರಿಗೆ ತುಕ್ಕು ಹಿಡಿದ ತಂತಿ ಶ್ರುತಿಗೆ ಬಗ್ಗದು. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಡಬೇಡಿ, ಗೋಡೆಯ ತೇವ ಮರಕ್ಕೆ ಏರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ. ಹಾಗೆಯೇ, ಸ್ಪ್ರಿಂಗುಗಳನ್ನು ಬಿಗಿ ಮಾಡಿ ತಂತಿಯ ದಪ್ಪ ಬದಲಾಗಿದ್ದರೆ ಹನ್ನೆರಡನೆಯ ಮೆಟ್ಟಿಲನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಒತ್ತಿ ಮೀಟಿದರೆ ಬಿಡಿ ತಂತಿಯ ಸರಿಯಾದ ಮೇಲಿನ ಷಡ್ಜ ಬರಬೇಕು. ಏರಿದ್ದರೆ ಬ್ರಿಡ್ಜಿನ ಆ ತಂತಿಯ ಕೂರುಗಟ್ಟೆಯನ್ನು ಅದರ ಸ್ಕ್ರೂ ತಿರುಗಿಸಿ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಮಗಳು ಈಗ ಊರಿನಲ್ಲಿಲ್ಲ. ಹೋಗುವಾಗ ಗಿಟಾರನ್ನು ಕಟ್ಟಿಕೊಂಡೇ ಹೋದಳು, 2ಬಿ ಪೆನ್ಸಿಲಿನ ಸಮೇತ. ಹೋಗುವ ಮುಂಚೆ ಅಪ್ಪನನ್ನು ಕಾಡಿ ನನ್ನ ತವರಿನ ಅಟ್ಟದಿಂದ ವೀಣೆ ಇಳಿಸಿ ತರಿಸಿದ್ದಾಳೆ. ಮೇಣವೆಲ್ಲ ಒಡೆದು ಇಪ್ಪತ್ತನಾಲ್ಕರಲ್ಲಿ ಏಳು ಮೆಟ್ಟಿಲುಗಳು ಕಿತ್ತುಬಂದಿವೆ. ಮೇಳ ಕಟ್ಟುವವರನ್ನು ಮೈಸೂರಿನಿಂದ ಕರೆಸಬೇಕಂತೆ. ನಮ್ಮವರು ಗ್ರೈಂಡರಿನ ಮಾತು ಎತ್ತಿಲ್ಲ.